ಆರೂಕಾಲು ಸೇರು

ಪರಪ್ಪನ ಹೆಸರಿಗೆ ಬಂದ ಕಾರ್ಡನ್ನು ಘೋಡಗೇರಿಯಲ್ಲಿ ಎಲ್ಲರಿಗಿಂತ ಕಡೆಗೆ ಓದಿದವನು ಪರಪ್ಪನೇ.

ಇದರಲ್ಲಿ ಟಪಾಲಿನವನದು ತಪ್ಪಿಲ್ಲ. ಅವನು ಪದ್ಧತಿಯಂತೆ ಊರಿನ ಟಪಾಲನ್ನೆಲ್ಲ ಮಂಗಳವಾರ ಮಧ್ಯಾಹ್ನವೇ ಮಾಲಿಂಗಪ್ಪನ ಕಿರಾಣಿ ಅಂಗಡಿಯಲ್ಲಿ ಕೊಟ್ಟುಹೋಗಿದ್ದ. ಮಾಲಿಂಗಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಅದರ ಮೇಲೆ ಹುಕ್ಕೇರಿಯಲ್ಲಿ ಒಂದು ವರ್ಷ ಇಂಗ್ಲಿಷ್ ಸಾಲೆಯ ಬೆಂಚು ಸವೆಸಿ ಬಂದವನು. ಇಂಗ್ಲಿಷಿನಲ್ಲಿ ಬಂದ ಕಾಗದವನ್ನು ತಾನು ಒಮ್ಮೆ ನೋಡದೆ ಮುಂದೆ ಬಿಟ್ಟರೆ ಊರಿಗೆ ಏನು ಅನಾಹುತ ಕಾದಿದೆಯೋ ಎಂಬ ಕಾಳಜಿ ಅವನಿಗಿತ್ತು. ಈ ಕಾರ್ಡಿನ ಹತ್ತು ಸಾಲುಗಳಲ್ಲಿ ಅವನಿಗೆ ಅರ್ಥವಾದದ್ದು ಮೂರು ಶಬ್ದ. ಪುಣೆ, ಗುರುವಾರ, ಪೀಕು ಅಂದರೆ ಬೆಳೆ. ಅಷ್ಟು ಸಾಕಾಯಿತು. ಪುಣೆಯಿಂದ ಗುರುವಾರ ಒಬ್ಬ ಸಾಹೇಬ ಪೀಕು ನೋಡಲು ಬರುತ್ತಿದ್ದಾನೆ ಎಂಬ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಮುಟ್ಟಿತು.

ಆಗ ಸರಕಾರದವರು ಬೆಳೆಯನ್ನು ಆಣೆಯ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಹದಿನಾರಾಣೆ ಎಂದರೆ ಭರ್ತಿ ಬೆಳೆ. ನಾಲ್ಕಾಣೆಗಿಂತ ಕೆಳಗೆ ಇಳಿಯಿತು ಎಂದು ಬರೆಸಿಬಿಟ್ಟರೆ ಆ ವರ್ಷದ ಕಂದಾಯ ತಹಕೂಬು, ಅಂದರೆ ಕೇಳುವವರಿಲ್ಲ. ಹೀಗಾಗಿ ಟೋಪಿ ಹಾಕಿದ ಯಾರೇ ಹೊಲದ ಕಡೆ ಕಣ್ಣು ಹಾಯಿಸಿದರೂ ಊರಿನವರೆಲ್ಲ ಮುಖ ಸಣ್ಣದು ಮಾಡಿಕೊಂಡು ನಿಲ್ಲುವುದು ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದಿತ್ತು. ಆ ವರ್ಷ ಮಾತ್ರ ಮುಖ ಸಣ್ಣದು ಮಾಡುವುದು ಬಹಳ ಕಷ್ಟವಿತ್ತು. ಬಿಳಿಜೋಳ ಆಳಿನ ತಲೆ ಮುಚ್ಚುವಷ್ಟು ಬೆಳೆದಿತ್ತು, ಒಂದೊಂದು ತೆನೆ ಮುಷ್ಟಿಯಲ್ಲಿ ಹಿಡಿಸುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಬೆಲ್ಲ ಕೊಳ್ಳಲು ಬಂದ ಪರಪ್ಪನ ಕೈಗೆ ಮಾಲಿಂಗಪ್ಪ ಕಾರ್ಡು ಕೊಟ್ಟ.

"ತಮ್ಮಾ, ನಿಂದೊಂದು ಕಾರ್ಡ ಬಂದೈತಿ. ನಾವೆಲ್ಲಾ ನೋಡೇವಿ, ನೀನೂ ಒಂದ್ಸಲ ನೋಡಿಬಿಡು. ಏನೂ ಚಿಂತಿ ಮಾಡಬ್ಯಾಡ, ಬಂದೋಬಸ್ತ ಎಲ್ಲಾ ಆಗೇತಿ."

ಪರಪ್ಪ ಓದಿದ. ಓದಿ ಬೆಲ್ಲವನ್ನು ಅಲ್ಲೇ ಬಿಟ್ಟು ಮನೆಯ ಕಡೆ ಓಡಿದ.

ಪರಪ್ಪನ ಕತೆ ಇಷ್ಟು. ಮುಂಬೈಯಲ್ಲಿ ಗಣಿತ ಕಲಿತ. ಎಂ.ಎಸ್ಸಿ. ಆಯಿತು, ಅದರ ಮೇಲೆ ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಆಯಿತು. ಇನ್ನು ಕಲಿಯುವುದಕ್ಕೆ ಯಾವ ಪರೀಕ್ಷೆಯೂ ಉಳಿಯಲಿಲ್ಲ ಎಂದ ಮೇಲೆ ಊರಿಗೆ ಬಂದು, ಶೋಧನೆ ಮಾಡುವ ಒಂದು ಜಾಗಕ್ಕಾಗಿ ಅರ್ಜಿ ಬರೆಯಲು ಕುಳಿತ. ಒಂದೂವರೆ ವರ್ಷದಲ್ಲಿ ನಲವತ್ತಮೂರು ಅರ್ಜಿ ಹೋದವು. ಒಬ್ಬರು ಯುದ್ಧ ಮುಗಿಯಲಿ ಎಂದು ಬರೆದರು. ಇನ್ನೊಬ್ಬರು ನಿಮ್ಮ ಹೆಸರನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೇವೆ ಎಂದು ಬರೆದರು, ಆದರೆ ಕಾಗದದ ಮೇಲೆ ಇದ್ದದ್ದು ಬೇರೆ ಯಾರದೋ ಹೆಸರು. ಉಳಿದವರು ಬರೆಯುವ ಗೋಜಿಗೇ ಹೋಗಲಿಲ್ಲ.

ಅವನ ತಂದೆ ದುಂಡಪ್ಪನಿಗೆ ಈ ವ್ಯವಹಾರ ಬಗೆಹರಿದಿರಲಿಲ್ಲ. "ಎಲ್ಲಾ ಕಲ್ತ ಮುಗೀತು ಅಂತಿ. ಮತ್ತ ಕಲಿಯೂ ನೌಕರಿನ ಬೇಕಂತಿ. ಉಂಡ ಕೈ ತೊಳಕೊಂಡವ ಮತ್ತ ಪಂಕ್ತ್ಯಾಗ ಕುಂದರತಾನೇನು?" ಎಂದು ಕೇಳುತ್ತಿದ್ದ. ಕಳೆದ ಸೋಮವಾರ ಒಂದೇ ಮಾತು ಹೇಳಿಬಿಟ್ಟಿದ್ದ. ಈ ತಿಂಗಳೊಳಗೆ ಏನೂ ಆಗದಿದ್ದರೆ ಮಸಗುಪ್ಪಿಗೆ ಹೋಗಿ ಸೋದರಮಾವನ ಗಾಣದಲ್ಲಿ ಕಬ್ಬು ತಿನ್ನಿಸುತ್ತ ಕೂಡ್ರುವುದು. ತಿಂಗಳು ಮುಗಿಯಲು ಮೂರು ದಿನ ಇತ್ತು.

ಅಂಥ ಹೊತ್ತಿನಲ್ಲಿ ಬಂದ ಕಾರ್ಡು ಇದು. ಪುಣೆಯ ಪ್ರೊಫೆಸರ್ ಕೇದಾರಿಯವರು ಸ್ವಂತ ಕೈಯಿಂದ ಬರೆದಿದ್ದರು. ನಿಮ್ಮ ಅರ್ಜಿ ನೋಡಿದೆ. ನನ್ನ ಕೈಕೆಳಗೆ ಸಂಶೋಧಕರ ಒಂದು ಜಾಗ ಇದೆ. ಗುರುವಾರ ಒಂಬತ್ತರ ಗಾಡಿಗೆ ಗೋಕಾಕ ರೋಡಿನಲ್ಲಿ ಇಳಿಯುತ್ತೇನೆ. ನಿಮ್ಮ ಊರಿನ ಒಂದು ಹೊಲದಲ್ಲಿ ನನ್ನೆದುರು ಪೀಕು ಕೊಯ್ದು, ಬಡಿದು, ತೂಗಿ ತೋರಿಸಿರಿ. ಸಂಜೆ ಐದರ ಗಾಡಿಗೆ ನನ್ನ ತೀರ್ಮಾನ ಹೇಳಿ ಹೋಗುತ್ತೇನೆ.

"ಅವ್ವಾ, ಇವತ್ತ ಸಂಜೀಕ ನನ್ನ ಹಣೇಬರಾ ಗೊತ್ತಾಕ್ಕೈತಿ," ಎಂದ ಪರಪ್ಪ, ಇದ್ದ ಒಂದೇ ಕೋಟಿನ ತೋಳಿನೊಳಗೆ ಕೈ ತೂರಿಸುತ್ತ. "ಸಾಹೇಬ್ರು ಜ್ವಾಳಾ ತೂಗಿ ನೋಡ್ತಾರ. ಆ ತೂಕದ ಮ್ಯಾಲ ನನ್ನ ನೌಕರಿ."

ತಾಯಿ ಶಿವಗಂಗವ್ವ ಒಲೆಯ ಮುಂದಿನಿಂದ ತಲೆ ಎತ್ತಿದಳು. "ತೂಕದ ಮ್ಯಾಲ?"

"ಹೌದು."

"ಹಾಂಗಿದ್ರ ಹೋಗಿ ಬಾ. ನಾ ನೋಡಕೋತೇನಿ."

ಏನು ನೋಡಿಕೊಳ್ಳುತ್ತಾಳೆ ಎಂದು ಕೇಳುವಷ್ಟು ಪುರಸೊತ್ತು ಪರಪ್ಪನಿಗೆ ಇರಲಿಲ್ಲ. ದುಂಡಪ್ಪ ಎತ್ತು ಹೂಡಿ ಚಕ್ಕಡಿಯ ಮೇಲೆ ಕುಳಿತಾಗಿತ್ತು.

ಚಕ್ಕಡಿಯಲ್ಲಿ ಸ್ಟೇಷನ್ನಿನ ತನಕ ಪರಪ್ಪ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಲೆಕ್ಕ ಮಾಡಿದ. ಕೇದಾರಿಯವರ ಹೆಸರು ಬೆಳಗಿದ್ದೇ ಒಂದು ಸೂತ್ರದಿಂದ. ಯಾವ ನಕ್ಷತ್ರಕ್ಕೆ ಎಷ್ಟು ಮಳೆ ಬಿತ್ತು ಎಂದು ಹೇಳಿದರೆ ಸಾಕು, ಎಕರೆಗೆ ಜೋಳ ಎಷ್ಟು ಬರುತ್ತದೆ ಎಂದು ಆ ಸೂತ್ರ ಹೇಳುತ್ತಿತ್ತು. ಪರಪ್ಪನಿಗೆ ಅದು ಬಾಯಿಪಾಠ. ಹುಕ್ಕೇರಿ ಕಚೇರಿಯ ಮಳೆಯ ಅಂಕಿಗಳೂ ಅವನ ವಹಿಯಲ್ಲಿ ಇದ್ದವು. ಕೊಯ್ಯಬೇಕಾದದ್ದು ಎಕರೆಯ ಎಂಬತ್ತನೆಯ ಒಂದು ಪಾಲು. ಕೂಡಿಸಿ ಕಳೆದು ನೋಡಿದ. ಉತ್ತರ ಬಂತು: ಆರೂಕಾಲು ಸೇರು. ಪರೀಕ್ಷೆಗೆ ಮೊದಲೇ ಉತ್ತರ ಸಿಕ್ಕ ಹುಡುಗನಂತೆ ಅವನಿಗೆ ಸಮಾಧಾನವಾಯಿತು.

ಕೇದಾರಿಯವರು ಗಾಡಿಯಿಂದ ಇಳಿದರು. ತೆಳ್ಳನೆಯ ಆಳು, ಕರಿ ಕೋಟು, ಬಗಲಲ್ಲಿ ಕೊಡೆ, ಕೈಯಲ್ಲಿ ಕ್ಯಾನ್ವಾಸಿನ ಚೀಲ. ಚೀಲದಲ್ಲಿ ಅಳತೆಯ ಹಗ್ಗ, ನಾಲ್ಕು ಗೂಟ, ಕೊಕ್ಕೆಯ ತೂಕದ ಯಂತ್ರ. ಬೆಳಗಾವಿಯಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು, ಆದರೆ ಅದು ಸಾಲೆಯ ಪುಸ್ತಕದಿಂದ ಎದ್ದು ಬಂದ ಕನ್ನಡ.

ಊರ ಬಾಗಿಲಲ್ಲಿ ಮೂವತ್ತು ನಲವತ್ತು ಜನ ಸಾಲಾಗಿ ನಿಂತಿದ್ದರು. ಎಲ್ಲರ ಮೈಮೇಲೂ ಹರಿದ ಅಂಗಿ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಮಾಲಿಂಗಪ್ಪ ಬಡಿಗೆ ಊರಿಕೊಂಡು ಮುಂದೆ ಬಂದ.

"ಈ ವರ್ಷದ ಬೆಳೆ ಹೇಗಿದೆ?" ಎಂದರು ಕೇದಾರಿ.

"ಬೆಳಿನೇನ್ರಿ ಸಾಹೇಬ್ರ," ಎಂದು ಮಾಲಿಂಗಪ್ಪ ನೆಲ ನೋಡಿದ. "ಮಳಿ ಹೋತು. ಇದ್ದಷ್ಟು ಹಕ್ಕಿ ತಿಂದು ಹೋದುವು. ಹಕ್ಕಿಗೂ ಹೊಟ್ಟಿ ತುಂಬಲಿಲ್ಲ."

ಅವನ ಬೆನ್ನ ಹಿಂದೆ, ಕಣ್ಣು ಹಾಯುವಷ್ಟು ದೂರ, ಜೋಳ ತಲೆ ತೂಗುತ್ತ ನಿಂತಿತ್ತು. ಕೇದಾರಿಯವರು ಒಮ್ಮೆ ಅವನನ್ನು ನೋಡಿದರು, ಒಮ್ಮೆ ಹೊಲವನ್ನು ನೋಡಿದರು. ಮೂವತ್ತೊಂಬತ್ತು ಊರು ತಿರುಗಿ ಬಂದ ಮನುಷ್ಯ.

ಯಾವ ಹೊಲ ಕೊಯ್ಯಬೇಕು ಎಂಬುದನ್ನು ಮನುಷ್ಯ ಆರಿಸಕೂಡದು ಎಂಬುದು ಅವರ ಶಾಸ್ತ್ರ. ಮನುಷ್ಯ ಆರಿಸಿದರೆ ಚೆಲುವಾದದ್ದನ್ನೇ ಆರಿಸುತ್ತಾನೆ, ಇಲ್ಲವೆ ಕೆಟ್ಟದ್ದನ್ನೇ ಆರಿಸುತ್ತಾನೆ. ಅದಕ್ಕಾಗಿ ಅವರ ಬಳಿ ಒಂದು ಪುಸ್ತಕ ಇತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೀ ಅಂಕಿಗಳು, ಹಿಂದುಮುಂದಿಲ್ಲದ ಅಂಕಿಗಳು. ಕಣ್ಣು ಮುಚ್ಚಿ ಬೆರಳು ಇಟ್ಟಲ್ಲಿ ಯಾವ ಅಂಕಿ ಬಂತೋ ಅದೇ ಹೊಲದ ನಂಬರು. ಮಾಲಿಂಗಪ್ಪ ಕತ್ತು ಚಾಚಿ ಪುಸ್ತಕ ನೋಡಿದ.

"ಇದು ಯಾವ ಪಂಚಾಂಗರಿ? ತಿಥಿನೂ ಇಲ್ಲ, ವಾರನೂ ಇಲ್ಲ."

ಪರಪ್ಪ ಬೆರಳಿಟ್ಟ. ಐವತ್ತೆಂಟು ಬಂತು. ಐವತ್ತೆಂಟು ಊರಿನ ಸುಡುಗಾಡು.

"ಬರೋಬ್ಬರಿ ಐತ್ರಿ," ಎಂದ ಮಾಲಿಂಗಪ್ಪ ತಟ್ಟನೆ. "ಅಲ್ಲಿ ಏನ ಬೆಳದೈತಿ ಅದನ್ನ ಬರಕೋರಿ. ನಮ್ಮದೇನೂ ತಕರಾರಿಲ್ಲ."

ಮತ್ತೆ ಬೆರಳಿಟ್ಟ. ಮೂವತ್ತೊಂದು. ಮಾಲಿಂಗಪ್ಪನ ಕೈಯಿಂದ ಬಡಿಗೆ ಬಿತ್ತು. ಮೂವತ್ತೊಂದು ಅವನದೇ ಹೊಲ, ಹಳ್ಳದ ದಂಡೆಯ ಎರೆಭೂಮಿ, ಸುತ್ತ ನಾಲ್ಕು ಊರಿಗೆ ಅಂಥ ಬೆಳೆ ಇರಲಿಲ್ಲ.

"ಆ ಹೊಲ ಬ್ಯಾಡ್ರಿ. ಅಲ್ಲಿ ಹಾವು ಅದಾವು."

"ಪುಸ್ತಕ ಹೇಳಿದ ಮೇಲೆ ಮುಗಿಯಿತು," ಎಂದರು ಕೇದಾರಿ.

"ಇನ್ನೊಂದ್ಸಲ ಕೇಳಿ ನೋಡ್ರಿ ಪುಸ್ತಕಾನ. ಮನಸ ಬದಲು ಮಾಡತೈತೇನು."

ಪುಸ್ತಕ ಮನಸ್ಸು ಬದಲಿಸಲಿಲ್ಲ. ಹೊಲದೊಳಗೂ ಅದರದೇ ಹುಕುಂ. ಉದ್ದಕ್ಕೆ ನಲವತ್ತೇಳು ಹೆಜ್ಜೆ, ಅಡ್ಡ ಹದಿನಾರು ಹೆಜ್ಜೆ. ಅಲ್ಲಿ ಗೂಟ ಬಡಿದು ಹಗ್ಗ ಕಟ್ಟಿದರು. ಹೊಲದ ನಡುವೆ, ತೆನೆ ಭಾರಕ್ಕೆ ದಂಟು ಬಾಗಿದ ಜಾಗ. ಕುಡಗೋಲು ಆಡತೊಡಗಿದ ಹಾಗೆ ಮಾಲಿಂಗಪ್ಪನ ಮುಖ ಖರೆಯಾಗಿಯೇ ಸಣ್ಣದಾಯಿತು.

ಅವನು ಬದುವಿನ ಮೇಲೆ ಕುಳಿತಿದ್ದ ಬೀರಸಿದ್ದಪ್ಪನನ್ನು ಆಚೆ ಕರೆದೊಯ್ದ. ಬೀರಸಿದ್ದಪ್ಪ ಕುರುಬ, ನೂರಿಪ್ಪತ್ತು ಕುರಿಯ ಧಣಿ. ಸುಗ್ಗಿ ಮುಗಿದ ಮೇಲೆ ಯಾರ ಹೊಲದಲ್ಲಿ ಅವನ ಕುರಿ ಹತ್ತು ರಾತ್ರಿ ನಿಲ್ಲುತ್ತವೋ ಅವರಿಗೆ ಮರುವರ್ಷದ ಗೊಬ್ಬರದ ಚಿಂತೆ ಇಲ್ಲ. ಕುರಿ ನಿಲ್ಲಿಸಿದ್ದಕ್ಕೆ ಅವನಿಗೆ ಕಾಳು ಕೊಡುವುದು ರೂಢಿ.

"ಬೀರಸಿದ್ದಪ್ಪಾ, ಈ ಸಲ ನಿನ್ನ ಕುರಿ ಹದಿನೈದು ರಾತ್ರಿ ನನ್ನ ಹೊಲದಾಗ ನಿಂದರಲಿ."

"ಹದಿನೈದಾ? ಕಾಳೂ ಹಂಗ ಜಾಸ್ತಿ ಅಕ್ಕಾವಲ್ಲ ಮಾಲಿಂಗಪ್ಪಣ್ಣಾ?"

"ಅಕ್ಕಾವು. ಈಗ ಈ ತೆನಿ ಕಣಕ್ಕ ಒಯ್ಯೂದೈತಿ. ನಿನ್ನ ಕಂಬಳ್ಯಾಗ ಕಟಗೊಂಡು ಒಯ್ಯಿ. ಭಾಳ ಬಿಗಿ ಕಟ್ಟಬ್ಯಾಡ."

ಬೀರಸಿದ್ದಪ್ಪ ದಡ್ಡನಲ್ಲ. ಅವನು ಕಂಬಳಿಯ ನಾಲ್ಕು ಮೂಲೆಗಳಲ್ಲಿ ಮೂರನ್ನೇ ಗಂಟು ಹಾಕಿದ.

ಹೊಲದಿಂದ ಕಣಕ್ಕೆ ಅರ್ಧ ಮೈಲಿ. ಕೇದಾರಿಯವರು ಪರಪ್ಪನ ಜೊತೆ ಮಾತಾಡುತ್ತ ಮುಂದೆ ನಡೆದರು.

"ಇಲ್ಲಿಯವರೆಗೆ ನಾನು ಮೂವತ್ತೊಂಬತ್ತು ಊರು ನೋಡಿದೆ, ಪರಪ್ಪನವರೆ. ಶಾಸ್ತ್ರದಲ್ಲಿ ತಪ್ಪು ಎಂಬುದು ಬಹಳ ಬೆಲೆಯುಳ್ಳ ವಸ್ತು."

"ತಪ್ಪಿಗೆ ಜಾಗಾನ ಕೊಡೂದಿಲ್ರಿ ಸರ್," ಎಂದ ಪರಪ್ಪ ಗಡಬಡಿಸಿ. "ನನ್ನ ಕೆಲಸದಾಗ ಒಂದ ಕಾಳು ಹೆಚ್ಚು ಕಡಿಮಿ ಬರೂದಿಲ್ಲ."

ಕೇದಾರಿಯವರು ಇನ್ನೂ ಏನೋ ಹೇಳಬೇಕೆಂದಿದ್ದರು. ಪರಪ್ಪ ಬಿಡಲಿಲ್ಲ. ತಾನು ಎಂಥ ಖಡಕ್ ಮನುಷ್ಯ ಎಂಬುದನ್ನು ಎರಡು ಫರ್ಲಾಂಗು ವಿವರಿಸಿದ. ಅಷ್ಟರಲ್ಲಿ ಹಿಂದಿನಿಂದ ಏನೋ ಮೆಲ್ಲುವ ಸದ್ದು ಕೇಳಿ ತಿರುಗಿ ನೋಡಿದರೆ ಬೀರಸಿದ್ದಪ್ಪ ತಲೆಯ ಮೇಲೆ ಗಂಟು ಹೊತ್ತು, ನೆಟ್ಟಗೆ ಮುಂದೆ ನೋಡುತ್ತ ಬರುತ್ತಿದ್ದ. ಗಂಟಿನಿಂದ ಹೆಜ್ಜೆಗೊಂದು ತೆನೆ ಬೀಳುತ್ತಿತ್ತು. ಅವನ ಹಿಂದೆ ನೂರಿಪ್ಪತ್ತು ಕುರಿಗಳು ಮದುವೆಯ ಬೀಗರಂತೆ ಸಾವಕಾಶ ಊಟ ಮಾಡುತ್ತ ಬರುತ್ತಿದ್ದವು.

ಪರಪ್ಪ ಓಡಿ ಹೋಗಿ ಗಂಟು ಕಸಿದುಕೊಂಡ. ಸುಮಾರು ಅರ್ಧ ಉಳಿದಿತ್ತು.

"ಇದೇನು ಬೀರಸಿದ್ದಪ್ಪಾ?"

"ಏನು?" ಎಂದು ಬೀರಸಿದ್ದಪ್ಪ ಹಿಂದೆ ತಿರುಗಿ, ತನ್ನ ಕುರಿಗಳನ್ನು ಅದೇ ಮೊದಲು ನೋಡಿದವನಂತೆ ನೋಡಿದ. "ಅಯ್ಯ, ಇವು ಯಾವಾಗ ಬಂದುವು?"

"ಏನಾಯಿತು?" ಎಂದು ಕೇದಾರಿಯವರು ಕೂಗಿ ಕೇಳಿದರು. ಕನ್ನಡಕ ಜೇಬಿನಲ್ಲಿತ್ತು, ದೂರದ್ದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಈಗ ಹೇಳಿಬಿಟ್ಟರೆ ಇನ್ನೊಂದು ತುಂಡು ಕೊಯ್ಯಬಹುದಿತ್ತು. ಆದರೆ ಖಡಕ್ ಮನುಷ್ಯ ಎಂದು ಹೇಳಿಕೊಂಡ ಬಾಯಿ ಇನ್ನೂ ಆರಿರಲಿಲ್ಲ. "ಏನಿಲ್ರಿ ಸರ್," ಎಂದ ಪರಪ್ಪ.

ಕಣದಲ್ಲಿ ಶಿವಗಂಗವ್ವ ಸಜ್ಜಾಗಿ ಕಾದಿದ್ದಳು. ಒಂದು ಕಡೆ ಬೇವಿನ ನೆರಳಿಗೆ ಕಂಬಳಿ ಹಾಸಿ ಪ್ರೊಫೆಸರರಿಗೆ ಊಟ ಬಡಿಸಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಪುಣೇದಾಗ ಇಂಥಾದು ಸಿಗೂದಿಲ್ಲ, ಉಣ್ರಿ," ಎಂದು ಬೇಡವೆಂದಾಗಲೆಲ್ಲ ಒಂದೊಂದು ರೊಟ್ಟಿ ಹಾಕಿದಳು. ಐದನೆಯ ರೊಟ್ಟಿಗೆ ಪ್ರೊಫೆಸರರು ಮಾತು ನಿಲ್ಲಿಸಿದರು, ಆರನೆಯದಕ್ಕೆ ಬೇವಿನ ಬೊಡ್ಡೆಗೆ ಒರಗಿದರು.

ಇನ್ನೊಂದು ಕಡೆ ತೆನೆ ಬಡಿದಾಯಿತು. ಕಾಳು ತೂರುವ ಕೆಲಸ ಶಿವಗಂಗವ್ವ ತಾನೇ ತೆಗೆದುಕೊಂಡಳು. ಮೊರ ಎತ್ತಿ, ಗಾಳಿಗೆ ಬೆನ್ನು ಕೊಟ್ಟು, ಸೆರಗು ಸುತ್ತಿಕೊಂಡು ಅವಳು ತೂರಿದ ಚೆಂದ ಏನು ಹೇಳುವುದು. ಹೊಟ್ಟು ಆಚೆ ಹಾರಿತು, ಕಾಳು ಈಚೆ ಬಿತ್ತು. ಬಿದ್ದ ಕಾಳು ಬಡಿದ ತೆನೆಗಿಂತ ಹೆಚ್ಚು ಕಾಣುತ್ತಿತ್ತು.

ಪ್ರೊಫೆಸರರು ಏಳುವುದರೊಳಗೆ ಒಮ್ಮೆ ತೂಗಿ ನೋಡೋಣ ಎಂದು ಪರಪ್ಪ ಕಾಳನ್ನು ಚೀಲಕ್ಕೆ ತುಂಬಿ ಕೊಕ್ಕೆಗೆ ಸಿಕ್ಕಿಸಿದ. ಏಳೂವರೆ ಸೇರು. ಅರ್ಧ ಬೆಳೆ ಕುರಿಯ ಹೊಟ್ಟೆಯಲ್ಲಿದೆ, ತೂಕ ಮಾತ್ರ ಉಬ್ಬಿದೆ. ತಾಯಿಯನ್ನು ನೋಡಿದ. ಅವಳ ಉಡಿ ಊಟ ಬಡಿಸುವಾಗ ಇದ್ದ ಹಾಗೆ ಉಬ್ಬಿರಲಿಲ್ಲ. ಸೀರೆಯ ನೆರಿಗೆಯಲ್ಲಿ ಎರಡು ಕಾಳು ಸಿಕ್ಕಿಕೊಂಡಿದ್ದವು.

"ಅವ್ವಾ, ಎಷ್ಟ ಹಾಕಿದಿ?"

"ಭಾಳೇನಿಲ್ಲ. ನಾಕ ಸೇರು. ಮನ್ಯಾಗಿನ ಹೊಸಾ ಜ್ವಾಳನ, ಯಾರಿಗೂ ತಿಳಿಯೂದಿಲ್ಲ," ಎಂದು ಅವಳು ಪಿಸುಗುಟ್ಟಿದಳು. "ತೂಕದ ಮ್ಯಾಲ ನೌಕರಿ ಅಂದಿ. ಕಡಿಮಿ ಬಿದ್ದು ನಿನ್ನ ಗಾಣಕ್ಕ ಕಳಸಲೇನು? ನೀ ಅಲ್ಲಿ ಹೊಗಿಯಾಗ ಕುಂತಿದ್ದು ನೋಡಾಕ ನನ್ನಿಂದ ಆಗೂದಿಲ್ಲ ತಮ್ಮಾ."

ಪರಪ್ಪ ಚೀಲವನ್ನು ಕೊಕ್ಕೆಯಿಂದ ಇಳಿಸಿದ. ಕುರಿ ತಿಂದದ್ದು ಎಷ್ಟು, ಯಾರಿಗೂ ಗೊತ್ತಿಲ್ಲ. ಹೊಲದಲ್ಲಿ ನಿಜವಾಗಿ ಬೆಳೆದದ್ದು ಎಷ್ಟು, ಅದನ್ನು ಇನ್ನು ಬಸವಣ್ಣನೇ ಹೇಳಬೇಕು. ಆದರೆ ಬರಬೇಕಾದ ಉತ್ತರ ಎಷ್ಟು ಎಂಬುದು ಪರಪ್ಪನಿಗೆ ಗೊತ್ತಿತ್ತು. ಒಂದನೆಯ ಇಯತ್ತೆಯಿಂದ ಪಿಎಚ್.ಡಿ.ಯವರೆಗೆ ಅವನು ಕಲಿತದ್ದು ಒಂದೇ, ಉತ್ತರ ಸರಿ ಬಂದರೆ ಮಾರ್ಕು. ಕೈ ಚೀಲದೊಳಗೆ ಹೋಯಿತು.

ನಾಲ್ಕು ಬೊಗಸೆ ತೆಗೆದ. ತೂಗಿದ. ಆರಕ್ಕಿಂತ ಕೆಳಗೆ ಇಳಿಯಿತು. ಒಂದು ಬೊಗಸೆ ಹಾಕಿದ. ಸ್ವಲ್ಪ ಹೆಚ್ಚಾಯಿತು. ಒಂದು ಹಿಡಿ ತೆಗೆದ, ಒಂದು ಚಿಟಿಕೆ ಹಾಕಿದ. ಬಂಗಾರ ತೂಗುವ ಪತ್ತಾರನೂ ಅಷ್ಟು ಉಸಿರು ಹಿಡಿದಿರಲಾರ. ಕೊನೆಗೆ ಮುಳ್ಳು ಆರೂಕಾಲಿನ ಗೆರೆಯ ಮೇಲೆ ಅಲುಗದೆ ನಿಂತಿತು. ಪರಪ್ಪ ಹಣೆಯ ಬೆವರು ಒರೆಸಿಕೊಂಡು, "ಸರ್, ತಯಾರ ಐತ್ರಿ," ಎಂದು ಕರೆದ.

ಕೇದಾರಿಯವರು ಎದ್ದು ಬಂದು ಕನ್ನಡಕ ಹಾಕಿಕೊಂಡು ತಾವೇ ತೂಗಿದರು. ಇನ್ನೊಮ್ಮೆ ತೂಗಿದರು. ಕೋಟಿನ ಒಳಜೇಬಿನಿಂದ ಮಡಿಸಿದ ಚೀಟಿ ತೆಗೆದು ನೋಡಿದರು. ಆಮೇಲೆ ಕಣದ ನಡುವಿನ ಮೇಟಿಕಂಬಕ್ಕೆ ಕೈ ಆನಿಸಿ ಸುಮ್ಮನೆ ನಿಂತುಬಿಟ್ಟರು.

ಸಂತೋಷದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡ ಪರಪ್ಪ. "ಸೂತ್ರಕ್ಕ ಬರೋಬ್ಬರಿ ಬಂತೇನ್ರಿ ಸರ್?"

"ಕೂದಲಿನ ಎಳೆಯಷ್ಟೂ ತಪ್ಪಿಲ್ಲ," ಎಂದರು ಕೇದಾರಿ. ಅವರ ದನಿ ಸತ್ತವರ ಮನೆಯಲ್ಲಿ ಮಾತಾಡಿದ ಹಾಗಿತ್ತು. "ಮೂವತ್ತೊಂಬತ್ತು ಊರುಗಳಲ್ಲಿ ಹೀಗೇ ಬಂತು. ಇದು ನಲವತ್ತನೆಯದು, ಕೊನೆಯದು. ಸೂತ್ರ ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂಬುದನ್ನು ಹುಡುಕಲು ಮೂರು ವರ್ಷದ ಒಂದು ಜಾಗವನ್ನು ನಾನು ಮಂಜೂರು ಮಾಡಿಸಿಕೊಂಡಿದ್ದೆ, ಪರಪ್ಪನವರೆ. ತಪ್ಪಿದ ಒಂದೇ ಒಂದು ಊರನ್ನು ತೋರಿಸಿದರೆ ಸಾಕಿತ್ತು. ಎಲ್ಲಿಯೂ ತಪ್ಪದ ಸೂತ್ರಕ್ಕೆ ತಪ್ಪು ಹುಡುಕುವವನು ಏಕೆ ಎಂದು ಮೇಲಿನವರು ಕೇಳುತ್ತಾರೆ. ಆ ಜಾಗ ಇಂದಿಗೆ ಹೋಯಿತು. ದಾರಿಯಲ್ಲಿ ಇದನ್ನೇ ನಿಮಗೆ ಹೇಳಲು ಹೊರಟಿದ್ದೆ."

ಪರಪ್ಪನಿಗೆ ಈಗ ಲೆಕ್ಕ ತಿಳಿಯಿತು. ಏಳೂವರೆ ಇದ್ದದ್ದನ್ನು ಹಾಗೇ ಬಿಟ್ಟಿದ್ದರೆ ನೌಕರಿ. ತಾಯಿ ಹಾಕದೆ ಇದ್ದಿದ್ದರೂ ನೌಕರಿ. ಕುರಿಗಳು ಪೂರ್ತಿ ತಿಂದಿದ್ದರಂತೂ ಪ್ರೊಫೆಸರರು ಅಪ್ಪಿಕೊಂಡು ಪುಣೆಗೆ ಕರೆದೊಯ್ಯುತ್ತಿದ್ದರು. ಊರೆಲ್ಲ ಸೇರಿ ತಿಳಿಯದೆ ತನಗೆ ಕೊಡಿಸಿದ್ದ ಜಾಗವನ್ನು ತಾನೊಬ್ಬನೇ ಚಿಟಿಕೆ ಚಿಟಿಕೆಯಾಗಿ ಕಳೆದುಕೊಂಡಿದ್ದ.

"ಸರ್, ಈ ತೂಕ ಖರೆ ಅಲ್ರಿ," ಎಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಕಂಬಳಿಯ ಗಂಟು ಹೇಳಿದ, ಕುರಿ ಹೇಳಿದ, ತಾಯಿಯ ಉಡಿ ಹೇಳಿದ, ತನ್ನ ಬೊಗಸೆ, ಹಿಡಿ, ಚಿಟಿಕೆ ಎಲ್ಲ ಹೇಳಿದ. "ತಪ್ಪಿದ ಊರು ಇದ ಐತ್ರಿ ಸರ್. ಇದಕಿಂತ ತಪ್ಪಿದ ಊರು ನಿಮಗ ಸಿಗೂದಿಲ್ಲ."

ಕೇದಾರಿಯವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಒಬ್ಬರು ತೆಗೆದು, ಒಬ್ಬರು ಹಾಕಿ, ಇಷ್ಟೆಲ್ಲ ಕೆಡಿಸಿದ ಮೇಲೆ ನೀವೂ ಮುಟ್ಟಿದಿರಿ. ಅದೆಲ್ಲ ನಿಮಗೆ ನೆನಪಾದದ್ದು ಜಾಗ ಹೋಯಿತು ಎಂದ ಮೇಲೆಯೇ?"

ಪ್ರೊಫೆಸರರು ಊರವರ ಕಡೆ ತಿರುಗಿದರು. "ಇವರು ಹೇಳುವುದು ನಿಜವೆ?"

ಕಣದ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಸೂತ್ರ ತಿಳಿಯಲಿಲ್ಲ, ಜಾಗ ಹೋದದ್ದೂ ತಿಳಿಯಲಿಲ್ಲ. ಸಾಹೇಬನಿಗೆ ಸಂಶಯ ಬಂದಿದೆ, ಹುಡುಗ ಹೆದರಿ ಏನೇನೋ ಒದರುತ್ತಿದ್ದಾನೆ, ಈಗ ಅವನನ್ನು ಉಳಿಸಬೇಕು ಎಂಬುದಷ್ಟೇ ತಿಳಿಯಿತು. ಘೋಡಗೇರಿಯವರು ತಮ್ಮೊಳಗೆ ಎಷ್ಟೇ ಜಗಳಾಡಲಿ, ಹೊರಗಿನವರ ಎದುರು ಊರಿನ ಮಗನನ್ನು ಬಿಟ್ಟುಕೊಟ್ಟವರಲ್ಲ.

ಕಣದಲ್ಲಿ ಕಾಳು ಮುಟ್ಟಿ ಸುಳ್ಳು ಆಣೆ ಮಾಡಿದರೆ ಮರುವರ್ಷ ಹೊಲ ಮೊಳೆಯುವುದಿಲ್ಲ ಎಂದು ಆ ಕಡೆ ಗಟ್ಟಿ ನಂಬಿಕೆ. ಮೊದಲು ಬೀರಸಿದ್ದಪ್ಪ ಬಂದು, ಚಪ್ಪಲಿ ಆಚೆ ಬಿಟ್ಟು, ಕಾಳಿನ ಮೇಲೆ ಕೈ ಇಟ್ಟ.

"ಬೀರದೇವರ ಆಣಿ ಸಾಹೇಬ್ರ. ನನ್ನ ಕೈಯಿಂದ ಯಾವ ಕುರಿಗೂ ಒಂದ ತೆನಿ ತಿನಿಸಿಲ್ಲ."

ಮಾಲಿಂಗಪ್ಪ ಬಂದ. "ಬಸವಣ್ಣನ ಆಣಿ. ಇದರಾಗ ನಾ ಒಂದ ಕಾಳು ಸೇರಿಸಿದ್ರ ನನ್ನ ಅಂಗಡಿ ಮುಚ್ಚಲಿ."

ಶಿವಗಂಗವ್ವ ಸೆರಗು ಹೊದ್ದುಕೊಂಡು ಬಂದಳು. "ನನ್ನ ಮಗನ ತಲಿ ಮ್ಯಾಲ ಆಣಿ ಮಾಡ್ತೇನ್ರಿ. ಇದರಾಗಿಂದ ಒಂದ ಕಾಳು ನಾ ತಗದಿಲ್ಲ."

ಅಂಕಿಗಳಲ್ಲಿ ಸೂಜಿ ಮೊನೆಯಷ್ಟು ಸಂದು ಇದ್ದರೂ ಹಿಡಿಯುತ್ತಿದ್ದ ಪ್ರೊಫೆಸರರಿಗೆ ಈ ಮಾತುಗಳ ನಡುವಿನ ಸಂದು ಕಾಣಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಂತಿತ್ತು. "ಈಗ ನೀವು," ಎಂದರು ಪರಪ್ಪನಿಗೆ. "ತೆಗೆದಿಲ್ಲ ಎಂದೋ, ಹಾಕಿಲ್ಲ ಎಂದೋ, ಯಾವುದಾದರೂ ಒಂದು ಹೇಳಿ. ನಿಮ್ಮ ಮರ್ಯಾದೆಯನ್ನಾದರೂ ಉಳಿಸಿ ಹೋಗುತ್ತೇನೆ."

ಪರಪ್ಪ ಕಾಳಿನ ಕಡೆ ಕೈ ಚಾಚಿದ. ತೆಗೆದದ್ದೂ ಅವನೇ, ಹಾಕಿದ್ದೂ ಅವನೇ. ಇಡೀ ಕಣದಲ್ಲಿ ಅರ್ಧ ಆಣೆಯನ್ನೂ ಮಾಡಲಾರದವನು ಅವನೊಬ್ಬ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ನೌಕರಿಯ ಆಸೆ ಮನುಷ್ಯನಿಂದ ಏನೇನು ಆಡಿಸುತ್ತದೆ," ಎಂದರು ಕೇದಾರಿ, ಬೈಗುಳಕ್ಕಿಂತ ಮೆಲ್ಲಗೆ. "ಇಂಥ ತಾಯಿಯ ಮೇಲೆ, ಇಂಥ ಊರಿನ ಮೇಲೆ ನೀವು ಆ ಮಾತು ಹೇಳಬಾರದಿತ್ತು."

ಚಕ್ಕಡಿ ಹತ್ತುವ ಮೊದಲು ಅವರು ಮಾಲಿಂಗಪ್ಪನನ್ನು ಹತ್ತಿರ ಕರೆದು ಭುಜದ ಮೇಲೆ ಕೈ ಇಟ್ಟು ಐದು ಮಿನಿಟು ಮಾತಾಡಿದರು. ಆಮೇಲೆ ಅವನ ಕೈಗೆ ತೂಕದ ಯಂತ್ರ, ಹಗ್ಗ, ಗೂಟ, ಅಂಕಿಗಳ ಪುಸ್ತಕ ಎಲ್ಲ ಕೊಟ್ಟು, ನಮಸ್ಕಾರ ಮಾಡಿ ಹೋದರು. ದುಂಡಪ್ಪ ಎತ್ತು ಹೊಡೆಯುತ್ತ, ಒಮ್ಮೆಯೂ ಹಿಂದೆ ನೋಡಲಿಲ್ಲ.

ಪರಪ್ಪ ಕಣದ ಅಂಚಿಗೆ ಕುಳಿತಿದ್ದ. ಅವನಿಗೆ ಗಟ್ಟಿಯಾಗಿ ಅಳಬೇಕೆನಿಸುತ್ತಿತ್ತು, ಆದರೆ ತಾಯಿ ಪಕ್ಕದಲ್ಲೇ ನಿಂತು, "ನೋಡಪಾ, ಒಂದ ಮಾತೂ ಸುಳ್ಳ ಹೇಳದ ನಿನ್ನ ಉಳಿಸಿದ್ವಿ," ಎಂದು ಹಿಗ್ಗಿನಿಂದ ಹೇಳುತ್ತಿದ್ದಳು. ಮಾಲಿಂಗಪ್ಪ ಬಂದು ಅವನ ಬಾಜೂಕ ಕುಳಿತ. ಬಡಿಗೆ ಎಲ್ಲೋ ಬಿಟ್ಟು ಬಂದಿದ್ದ.

"ತಮ್ಮಾ, ಸಾಹೇಬ್ರು ನನಗೊಂದು ಕೆಲಸಾ ಹಚ್ಚಿ ಹೋದ್ರು. ವರ್ಷಾ ವರ್ಷಾ ಈ ಊರಿನ ಪೀಕು ಕೊಯ್ದು, ತೂಗಿ ಪುಣೇಕ ಕಳಸೂದು. ಪ್ರಾಮಾಣಿಕ ಮನುಷ್ಯಾ ಬೇಕಾಗಿತ್ತಂತ. ತಿಂಗಳಾ ತಿಂಗಳಾ ಪಗಾರನೂ ಐತಿ."

ಪರಪ್ಪ ತಲೆ ಎತ್ತಿ ನೋಡಿದ.

"ಈ ಹಗ್ಗಾ ಗೂಟದ ಶಾಸ್ತ್ರ ನನಗೇನ ತಿಳೀತೈತಿ," ಎಂದು ಮಾಲಿಂಗಪ್ಪ ಮುಂದುವರಿದ. "ಅದೊಂದ ನೀ ಮಾಡಿಕೊಡು. ಪಗಾರದ್ದು ನಿನಗ ಚಿಂತಿ ಬ್ಯಾಡ, ಅದನ್ನ ನಾನ ತಗೋತೇನಿ. ಇನ್ನೊಂದ ಮಾತು. ಮುಂದಿನ ಸುಗ್ಗಿಗೆ ಎಷ್ಟ ಸೇರು ಬರಬೇಕು ಅಂತ ಈಗ ಹೇಳಿಬಿಟ್ರ, ಹೊಲಕ್ಕ ಹೋಗೂ ತ್ರಾಸರ ತಪ್ಪತೈತಿ."

ಪರಪ್ಪ ಕೋಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಮೊದಲ ಮಳಿ ಆಗಲಿ ಕಾಕಾ," ಎಂದ. "ಆಮ್ಯಾಲ ಹೇಳ್ತೇನಿ."